ಡ್ರಿಲ್ ಮಾಸ್ತರರಿಂದ ಆಟದ ಮೇಷ್ಟ್ರವರೆಗೆ

ಪರೀಕ್ಷೆ ಹತ್ತಿರ ಬಂತೆಂದರೆ ಶಾಲೆಯ ವೇಳಾಪಟ್ಟಿಯಲ್ಲಿ ಮೊದಲು ಬಲಿಯಾಗುವುದು ಆಟದ ಪೀರಿಯಡ್. ಗಣಿತವೋ ವಿಜ್ಞಾನವೋ ಆ ಜಾಗಕ್ಕೆ ಬಂದು ಕೂರುತ್ತದೆ. ಆದರೆ ಆಟವೂ ಒಂದು ಪಾಠವೆಂದು ಶಾಲೆಗಳನ್ನು ಒಪ್ಪಿಸುವ ಪ್ರಯತ್ನಕ್ಕೆ ನಮ್ಮಲ್ಲಿ ಶತಮಾನದ ಇತಿಹಾಸವಿದೆ.

ಬ್ರಿಟಿಷರ ಕಾಲದ ಶಾಲೆಗಳಲ್ಲಿ ವ್ಯಾಯಾಮವೆಂದರೆ ಬಹುಮಟ್ಟಿಗೆ ಡ್ರಿಲ್. ಸೈನ್ಯದಿಂದ ನಿವೃತ್ತರಾದವರು ಎಷ್ಟೋ ಕಡೆ ಡ್ರಿಲ್ ಮಾಸ್ತರರಾಗಿದ್ದರು. ಸಾಲಾಗಿ ನಿಲ್ಲುವುದು, ಅಪ್ಪಣೆಯಂತೆ ಕೈಕಾಲು ಆಡಿಸುವುದು, ಅಷ್ಟೇ. ಊರಿನ ಗರಡಿಮನೆಯ ಸಾಮು, ಕುಸ್ತಿಗಳು ಶಾಲೆಯ ಹೊರಗೇ ಉಳಿದವು.

1920ರಲ್ಲಿ ಅಮೆರಿಕದ ಹ್ಯಾರಿ ಕ್ರೋ ಬಕ್ ಮದರಾಸಿನಲ್ಲಿ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಶಾಲೆಯನ್ನು ಆರಂಭಿಸಿದರು. ಪಾಠ ಹೇಳುವವರಂತೆ ಆಟ ಕಲಿಸುವವರಿಗೂ ತರಬೇತಿ ಬೇಕೆಂಬುದು ಅದರ ಹಿಂದಿನ ವಿಚಾರ. ಬಕ್ ಓದಿದ್ದು ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ. 1891ರಲ್ಲಿ ಬ್ಯಾಸ್ಕೆಟ್‌ಬಾಲ್ ಹುಟ್ಟಿದ್ದೂ ಅಲ್ಲೇ. 1895ರಲ್ಲಿ ಹುಟ್ಟಿದ ವಾಲಿಬಾಲ್ ಕೂಡ ವೈ.ಎಂ.ಸಿ.ಎ.ಯದೇ ಕೂಸು. ಇಂದು ಹಳ್ಳಿ ಶಾಲೆಯ ಅಂಗಳದಲ್ಲಿ ಎರಡು ಕಂಬಗಳ ನಡುವೆ ಕಟ್ಟಿದ ನೆಟ್ ಆ ಇತಿಹಾಸದ ಗುರುತು.

ಡ್ರಿಲ್ ಕಲಿಸಿದ್ದು ಹೇಳಿದಂತೆ ಕೇಳುವುದನ್ನು. ಆಟ ಹಾಗಲ್ಲ. ಚೆಂಡು ಬರುವ ಕ್ಷಣದಲ್ಲಿ ಮಗುವೇ ತೀರ್ಮಾನ ಮಾಡಬೇಕು, ಜತೆಗಾರರನ್ನು ನಂಬಬೇಕು, ಸೋತರೆ ತಾಳಿಕೊಳ್ಳಬೇಕು. ಇದನ್ನು ಕಪ್ಪುಹಲಗೆಯ ಮೇಲೆ ಬರೆದು ಕಲಿಸಲಾಗದು.

2009ರ ಶಿಕ್ಷಣ ಹಕ್ಕು ಕಾಯ್ದೆಯು ಶಾಲೆಗೆ ಆಟದ ಮೈದಾನ ಇರಬೇಕೆಂದು ಹೇಳುತ್ತದೆ. ನೂರಕ್ಕೂ ಹೆಚ್ಚು ಮಕ್ಕಳಿರುವ ಹಿರಿಯ ಪ್ರಾಥಮಿಕ ಶಾಲೆಗಳಿಗೆ ಅರೆಕಾಲಿಕ ದೈಹಿಕ ಶಿಕ್ಷಣ ಬೋಧಕರೂ ಬೇಕೆನ್ನುತ್ತದೆ. ಆದರೆ ಮೈದಾನವಿದ್ದು, ಮೇಷ್ಟ್ರೂ ಇದ್ದು, ಪೀರಿಯಡ್ಡೇ ಗಣಿತದ ಪಾಲಾದರೆ ಮಕ್ಕಳು ಆಡುವುದು ಯಾವಾಗ?