ಹತ್ತಿ ಬಿಡಿಸಿದವರ ಕುಣಿತ

ಕುಣಿತಕ್ಕೆ ಹವ್ಯಾಸ ಅನ್ನುವ ಹೆಸರು ಯಾವಾಗ ಬಂತು? ಯಾರಿಗೆ ಬಂತು? ರಾಯಚೂರು, ದೇವದುರ್ಗ, ಮಾನ್ವಿ ಸೀಮೆಯ ಕೇರಿಗಳಲ್ಲಿ ಕೇಳಿದರೆ ಮೊದಲು ಸಿಗುವ ಉತ್ತರ ಬಿಟ್ಟಿ ಚಾಕರಿ. ಊರಲ್ಲಿ ಹೆಣ ಬಿದ್ದರೆ ಹಲಗಿ, ಜಾತ್ರೆಗೆ ಹಲಗಿ, ಡಂಗುರಕ್ಕೂ ಹಲಗಿ. ಬಡಿಯುವ ಪಾಳಿ ಮಾದಿಗರದು. ಬಡಿಯೋದಿಲ್ಲ ಅಂದರೆ ಬಹಿಷ್ಕಾರ. ದೇವರ ಹೆಸರಲ್ಲಿ ಮುತ್ತು ಕಟ್ಟಿಸಿಕೊಂಡ ಹೆಣ್ಣುಮಕ್ಕಳ ಮೈಯೂ ಅವರದಾಗಿ ಉಳಿಯಲಿಲ್ಲ. ದೇವದಾಸಿ ಪದ್ಧತಿಯ ವಿರುದ್ಧ ಮುಂಬಯಿ ಪ್ರಾಂತ್ಯ 1934ರಲ್ಲಿ, ಮದ್ರಾಸು 1947ರಲ್ಲಿ ಕಾಯ್ದೆ ಮಾಡಿದವು. ಆಗ ರಾಯಚೂರು ನಿಜಾಮನ ಸಂಸ್ಥಾನ. ಆ ಕಾಯ್ದೆಗಳು ಕೃಷ್ಣೆ, ತುಂಗಭದ್ರೆ ದಾಟಿ ಇಲ್ಲಿಗೆ ಬರಲಿಲ್ಲ. ಕರ್ನಾಟಕದ ಕಾಯ್ದೆಗೆ 1982 ಬರಬೇಕಾಯ್ತು.

ಈಗ ಇನ್ನೊಂದು ದೇಶದ ಮಾತು. ಅಮೆರಿಕದಲ್ಲೂ ಭತ್ತದ ಗದ್ದೆ, ಹತ್ತಿ ಹೊಲಗಳಿದ್ದವು. ದುಡಿಯಲು ಆಫ್ರಿಕದಿಂದ ತಂದ ಗುಲಾಮರಿದ್ದರು. 1739ರಲ್ಲಿ ದಕ್ಷಿಣ ಕೆರೊಲಿನಾದ ಸ್ಟೋನೋ ನದಿಯ ಬಳಿ ಅವರು ಡೋಲು ಬಡಿಯುತ್ತ ದಂಗೆ ಎದ್ದರು. 1740ರಲ್ಲಿ ಒಡೆಯರು ಡೋಲನ್ನೇ ನಿಷೇಧಿಸಿದರು. ಅಲ್ಲಿ ಬಡಿಯಕೂಡದು ಅಂತ ಕಾನೂನು, ಇಲ್ಲಿ ಬಡಿಯಲೇಬೇಕು ಅಂತ ಕಟ್ಟಳೆ. ಹುನ್ನಾರ ಮಾತ್ರ ಒಂದೇ: ದುಡಿಯುವವನ ಕೈಕಾಲು ಅವನದಾಗಬಾರದು.

ಡೋಲು ಹೋದರೂ ತಾಳ ಹೋಗಲಿಲ್ಲ. ಚಪ್ಪಾಳೆಯಲ್ಲಿ, ಪಾದದಲ್ಲಿ ಉಳಿಯಿತು. ಮುಂದೆ ಗುಲಾಮಗಿರಿ ಕಳೆದ ಮೇಲೂ ಬದುಕು ಹಸನಾಗದೆ ಆ ಜನ ಉತ್ತರಕ್ಕೆ ಗುಳೆ ಹೋದರು. ನ್ಯೂಯಾರ್ಕಿನ ಹಾರ್ಲೆಮ್ ಅವರ ಕೇರಿಯಾಯಿತು. ಅದರ ಮಗ್ಗುಲಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲೇ ಬಾಬಾಸಾಹೇಬರು 1913ರಿಂದ 1916ರವರೆಗೆ ಓದಿದ್ದು.

ಹಾರ್ಲೆಮಿನ ಕಾಟನ್ ಕ್ಲಬ್ಬಿನಲ್ಲಿ ಕುಣಿಯೋರು ಕರಿಯರು, ಕೂತು ನೋಡೋರು ಬಿಳಿಯರು. ಹೆಸರಲ್ಲೂ ಹತ್ತಿಯೇ! ಅದೇ ಬೀದಿಯಲ್ಲಿ 1926ರಲ್ಲಿ ಸವಾಯ್ ಎಂಬ ನೃತ್ಯಶಾಲೆ ತೆರೆಯಿತು. ಅಲ್ಲಿ ಇಬ್ಬರಿಗೂ ಒಂದೇ ನೆಲ. ಬಿಳಿಯರ ಮನೆಗಳಲ್ಲಿ ಮುಸುರೆ ತಿಕ್ಕುವ ಹೆಂಗಸರು ಗುರುವಾರ ರಾತ್ರಿ ಬಿಡುವು ಸಿಕ್ಕಾಗ ಬಂದು ಕುಣಿಯುತ್ತಿದ್ದರು. ಜೋಡಿಯಾಗಿ ಕೈ ಹಿಡಿದು, ಬಿಟ್ಟು, ಮತ್ತೆ ಹಿಡಿಯುವ ಲಿಂಡಿ ಹಾಪ್ ಎಂಬ ಸ್ವಿಂಗ್ ಕುಣಿತ ಬೆಳೆದದ್ದು ಇಂಥವರ ಕಾಲಲ್ಲಿ. 1935ರಲ್ಲಿ ಫ್ರಾಂಕಿ ಮ್ಯಾನಿಂಗ್ ಎಂಬ ತರುಣ ಜೊತೆಗಾತಿ ಫ್ರೀಡಾ ವಾಷಿಂಗ್ಟನ್‌ಳನ್ನು ತನ್ನ ಬೆನ್ನ ಮೇಲಿಂದ ಹಾರಿಸಿ ನೆಲಕ್ಕೆ ನಿಲ್ಲಿಸಿದ. ಲೋಕ ಬೆರಗಾಯಿತು, ಆದರೆ ಕುಣಿತ ಕೊನೆತನಕ ಹೊಟ್ಟೆ ಹೊರೆಯಲಿಲ್ಲ. ಆತ ಅಂಚೆ ಕಚೇರಿಯಲ್ಲಿ ಸುಮಾರು 30 ವರ್ಷ ದುಡಿದ. 1958ರಲ್ಲಿ ಸವಾಯ್ ಮುಚ್ಚಿತು. 1980ರ ದಶಕದಲ್ಲಿ ಸ್ವೀಡನ್ನಿನ, ಕ್ಯಾಲಿಫೋರ್ನಿಯಾದ ಯುವಕರು ಆತನನ್ನು ಹುಡುಕಿಕೊಂಡು ಬಂದು ಕಲಿತರು. ಇವತ್ತು ಬೆಂಗಳೂರಲ್ಲೂ ಅದು ಸಂಜೆಯ ಹವ್ಯಾಸ.

ಕಲಿಯಲಿ, ತಪ್ಪೇನಿಲ್ಲ. ನಮ್ಮ ಹಾಸ್ಟೆಲಿನ ಹುಡುಗ ಹುಡುಗಿಯರೂ ಕಲಿಯಲಿ. ಆ ಹೆಜ್ಜೆ ಯಾರ ಬೆವರಿನದು ಅಂತ ತಿಳಿದು ಕಲಿಯಲಿ. ನಮ್ಮಲ್ಲೂ ಎದುರುಬದುರು ನಿಂತು ಆಡುವ ಕೋಲಾಟವಿದೆ. ಮೊಹರಂನಲ್ಲಿ ಹಿಂದೂ, ಮುಸ್ಲಿಂ ಅನ್ನದೆ ಅಲಾಯಿ ಬೆಂಕಿಯ ಸುತ್ತ ಹಾಕುವ ಹೆಜ್ಜೆಯಿದೆ. ಆ ಸುತ್ತಿನಲ್ಲಿ ಹಲಗಿ ಬಡಿಯುವವನು ಹೊರಗೇ ನಿಲ್ಲಬೇಕಾ, ಒಳಗೂ ಬರಬಹುದಾ? ಕೇಳಬೇಕಾದ ಪ್ರಶ್ನೆ ಇದು.

1970ರ ದಶಕದ ದಲಿತ ಚಳವಳಿ ಎರಡು ಕೆಲಸ ಒಟ್ಟಿಗೇ ಮಾಡಿತು. ಊರ ಹೆಣಕ್ಕೆ ಹಲಗಿ ಬಡಿಯೋದಿಲ್ಲ ಅಂತು. ಅದೇ ಹಲಗಿಯನ್ನು ಜಾಥಾದ ಮುಂದೆ ಬಡಿಯಿತು. ಬಡಿಯೋದಿಲ್ಲ ಅನ್ನೋದು ಹಕ್ಕು. ಮನಸ್ಸು ಬಂದಾಗ ಬಡಿದು ಕುಣಿಯೋದೂ ಹಕ್ಕೇ. ಮಾನ್ವಿಯ ಹೊಲದಲ್ಲಿ ದಿನವಿಡೀ ಹತ್ತಿ ಬಿಡಿಸಿದ ಹುಡುಗಿ ಸಂಜೆ ಯಾರ ಕಣ್ಣಿಗೂ ಅಂಜದೆ ಗೆಳತಿಯರ ಕೂಡ ಕುಣಿಯಲಿ. ಅವತ್ತು ಅದನ್ನು ಹವ್ಯಾಸ ಅಂತ ಕರೆಯೋಣ.