ಪಾಲುದಾರಿಕೆ ಮುಗಿದರೂ ಮುಗಿಯದ ಸಾಲ: ಕಫಾಲತ್‌ನ ಚರಿತ್ರೆಯಿಂದ ಕೆಲವು ಪುಟಗಳು

ಬೀದರ್, ಭಾಲ್ಕಿ, ಔರಾದ್ ಕಡೆಯ ಮನೆಗಳಲ್ಲಿ 'ಜಾಮೀನು' ಎಂಬ ಪದವನ್ನು ಕೇಳದವರಿಲ್ಲ. ಇದು ಅರಬಿಯ 'ದಾಮಿನ್', ಉರ್ದುವಿನ 'ಝಾಮಿನ್'. ಬಾಕಿ, ವಸೂಲಿ, ಕರಾರು, ವಕೀಲ ಎಂಬ ಪದಗಳೂ ಅದೇ ದಾರಿಯಲ್ಲಿ ಬಂದು ಕನ್ನಡದವೇ ಆಗಿಹೋಗಿವೆ. ಸಾಲಕ್ಕೆ ಸಂಬಂಧಿಸಿದ ಇಷ್ಟೊಂದು ಪದಗಳನ್ನು ಒಂದು ಭಾಷೆ ಇನ್ನೊಂದರಿಂದ ಪಡೆದಿದೆಯೆಂದರೆ, ಆ ಪದಗಳ ಹಿಂದಿನ ನಿಯಮಗಳೂ ಜೊತೆಯಲ್ಲಿ ಬಂದಿರಬೇಕಲ್ಲವೇ? ಬಂದದ್ದು ನಿಜ. ಆದರೆ ಪದ ಉಳಿಯಿತು, ನಿಯಮ ಮರೆತುಹೋಯಿತು. ಆದ್ದರಿಂದಲೇ ಇಂದು ದಂಪತಿಗಳು ಬೇರ್ಪಟ್ಟಾಗ, ಅಣ್ಣತಮ್ಮಂದಿರು ಅಂಗಡಿಯನ್ನು ಪಾಲು ಮಾಡಿಕೊಂಡಾಗ, ಒಂದೇ ಪ್ರಶ್ನೆ ಮತ್ತೆ ಮತ್ತೆ ನಮ್ಮ ಮುಂದೆ ಬರುತ್ತದೆ: ಸಂಬಂಧವೇ ಮುಗಿದ ಮೇಲೆ ಅಂದು ಇಬ್ಬರೂ ಸೇರಿ ಮಾಡಿದ ಸಾಲ ಯಾರದು?

ಇದಕ್ಕೆ ಉತ್ತರವನ್ನು ಹುಡುಕುವಾಗ ಚರಿತ್ರೆಯನ್ನು ಸ್ವಲ್ಪ ಹಿಂದಿನಿಂದಲೇ ನೋಡಬೇಕಾಗುತ್ತದೆ. ಸಾಲದಲ್ಲಿ ಬಡ್ಡಿ ಸೇರಿದಾಗ ಅದರ ಧಾರ್ಮಿಕ ವಿಧಿ ಏನೆಂಬುದು ಬೇರೆಯೇ ವಿಷಯ. ಅದನ್ನು ಇಲ್ಲಿ ಎತ್ತಿಕೊಂಡಿಲ್ಲ. ಹೊಣೆ ಯಾರ ಕೊರಳಿನದು ಎಂಬುದಷ್ಟೇ ನಮ್ಮ ವಿಷಯ.

ಪ್ರವಾದಿ ಮುಹಮ್ಮದ್(ಸ) ಅವರಿಗೆ ಪ್ರವಾದಿತ್ವ ಸಿಗುವ ಮುಂಚೆ ವ್ಯಾಪಾರದಲ್ಲಿ ಒಬ್ಬ ಪಾಲುದಾರರಿದ್ದರು. ಅವರ ಹೆಸರು ಸಾಇಬ್. ವರ್ಷಗಳು ಕಳೆದು, ಮಕ್ಕಾ ವಿಜಯದ ಕಾಲದಲ್ಲಿ ಅವರು ಪ್ರವಾದಿ(ಸ) ಅವರ ಬಳಿಗೆ ಬಂದಾಗ ಜನರು ಅವರನ್ನು ಹೊಗಳತೊಡಗಿದರು. ಇವರನ್ನು ನಿಮಗಿಂತ ನಾನೇ ಚೆನ್ನಾಗಿ ಬಲ್ಲೆ ಎಂಬ ಅರ್ಥದ ಮಾತನ್ನು ಪ್ರವಾದಿ(ಸ) ಅಂದು ಹೇಳಿದರು. ಹಳೆಯ ಪಾಲುದಾರಿಕೆಯಲ್ಲಿ ಜಗಳವಾಗಲಿ ವಂಚನೆಯಾಗಲಿ ಇರಲಿಲ್ಲವೆಂಬುದನ್ನು ಸಾಇಬ್ ನೆನೆದರೆಂದು ಅಬೂದಾವೂದ್ ಮತ್ತು ಇಬ್ನುಮಾಜದ ವರದಿಗಳು ತಿಳಿಸುತ್ತವೆ. ಪಾಲುದಾರಿಕೆ ಮುಗಿದು ಎಷ್ಟೋ ಕಾಲವಾಗಿತ್ತು. ಆದರೂ ಮುಖಾಮುಖಿಯಾದಾಗ ಇಬ್ಬರಲ್ಲಿ ಯಾರೂ ತಲೆತಗ್ಗಿಸಬೇಕಾದ ಬಾಕಿ ಉಳಿದಿರಲಿಲ್ಲ.

ಎಲ್ಲರ ಲೆಕ್ಕವೂ ಹೀಗೆ ಚೊಕ್ಕವಾಗಿರುವುದಿಲ್ಲ. ಮದೀನಾದಲ್ಲಿ ಒಂದು ಜನಾಝಾ ಬಂತು. ಮೃತರ ಮೇಲೆ ಎರಡು ದೀನಾರ್ ಸಾಲವಿತ್ತು. ಅದನ್ನು ತೀರಿಸಲು ಅವರು ಏನನ್ನೂ ಬಿಟ್ಟುಹೋಗಿರಲಿಲ್ಲ. ಪ್ರವಾದಿ(ಸ) ನಮಾಝ್‌ಗೆ ಮುಂದಾಗದೆ ಹಿಂದೆ ಸರಿದರು. ಆಗ ಅಬೂಕತಾದ(ರ) ಆ ಎರಡು ದೀನಾರ್‌ಗಳ ಹೊಣೆ ತನ್ನದೆಂದರು, ನಮಾಝ್ ನಡೆಯಿತು. ಈ ಘಟನೆಯನ್ನು ಪ್ರವಚನಗಳಲ್ಲಿ ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುವುದುಂಟು. ಆದರೆ ಜಾಬಿರ್(ರ) ಅವರ ವರದಿ ಮುಂದುವರಿಯುತ್ತದೆ. ಆ ದೀನಾರ್‌ಗಳು ಏನಾದವೆಂದು ಪ್ರವಾದಿ(ಸ) ಅನಂತರವೂ ಕೇಳಿದರು. ಸಾಲ ನಿಜವಾಗಿಯೂ ಸಂದಾಯವಾಯಿತೆಂದು ಕೇಳಿದ ಮೇಲೆಯೇ, ಮೃತನ ಚರ್ಮಕ್ಕೆ ಈಗ ತಂಪು ದೊರೆಯಿತೆಂಬ ಅರ್ಥದಲ್ಲಿ ನುಡಿದರು. ಒಬ್ಬರು ಜಾಮೀನು ನಿಂತ ಮಾತ್ರಕ್ಕೆ ಮೂಲ ಸಾಲಗಾರನ ಭಾರ ಇಳಿಯುವುದಿಲ್ಲ. ಹಣ ತಲುಪಿದಾಗಲೇ ಅದು ಇಳಿಯುತ್ತದೆ ಎಂದು ಅನೇಕ ವಿದ್ವಾಂಸರು ಈ ವರದಿಯಿಂದ ತಿಳಿದುಕೊಂಡರು.

ಹಝ್ರತ್ ಝುಬೈರ್(ರ) ಅವರ ಸಾಲದ ವೃತ್ತಾಂತವನ್ನು ಬುಖಾರಿಯಲ್ಲಿ ಓದಿದವರು ಅದರ ಮೊತ್ತಕ್ಕೆ ಬೆರಗಾಗದೆ ಇರರು. ಜನರು ಹಣವನ್ನು ಅಮಾನತ್ತಾಗಿ ಇಡಲು ಅವರ ಬಳಿಗೆ ಬರುತ್ತಿದ್ದರು. ಅಮಾನತ್ತು ಕಳೆದುಹೋದರೆ ಇಟ್ಟವರಿಗೆ ನಷ್ಟವಾಗಬಹುದೆಂದು, ಇದನ್ನು ಸಾಲವೆಂದೇ ಪರಿಗಣಿಸಿ ಎಂದು ಅವರು ಹೇಳುತ್ತಿದ್ದರು. ಹೀಗೆ ನಷ್ಟದ ಹೊಣೆಯನ್ನು ತಮ್ಮ ಮೇಲೆಯೇ ಎಳೆದುಕೊಂಡರು. 656ರಲ್ಲಿ ಅವರು ಹುತಾತ್ಮರಾದಾಗ ಸಾಲದ ಮೊತ್ತ 22 ಲಕ್ಷ ಆಗಿತ್ತು. ಮಗ ಅಬ್ದುಲ್ಲಾಹ್ ಬಿನ್ ಝುಬೈರ್(ರ) ತಂದೆಯ ಜಮೀನನ್ನು ಮಾರಿದರು. ಸಾಲಕೊಟ್ಟಿದ್ದ ಒಬ್ಬರು ನಾಲ್ಕು ಲಕ್ಷವನ್ನು ಬಿಟ್ಟುಕೊಡಲು ಸಿದ್ಧರಿದ್ದರೂ ಅವರು ಒಪ್ಪಲಿಲ್ಲ. ಸಾಲ ತೀರಿದ ಬಳಿಕ ಉತ್ತರಾಧಿಕಾರಿಗಳು ತಮ್ಮ ಪಾಲು ಕೇಳಿದರು. ಆಗಲೂ ಅಬ್ದುಲ್ಲಾಹ್ ಹಂಚಲಿಲ್ಲ. ತಂದೆಯಿಂದ ಬರಬೇಕಾದದ್ದು ಯಾರಿಗಾದರೂ ಇದ್ದರೆ ಬನ್ನಿರೆಂದು ನಾಲ್ಕು ವರ್ಷ ಹಜ್ಜ್‌ನ ಕಾಲದಲ್ಲಿ ಸಾರಿದರು. ಆ ಮೇಲೆ ಪಾಲು ಹಂಚಿದಾಗ ನಾಲ್ವರು ಪತ್ನಿಯರಿಗೆ ತಲಾ 12 ಲಕ್ಷ ಸಂದಿತು.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಈ ಕಥೆ ಹೇಳುವವರು ಅದನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಅಬ್ದುಲ್ಲಾಹ್ ಅವರ ತಾಯಿ, ಹಝ್ರತ್ ಅಬೂಬಕರ್(ರ) ಅವರ ಮಗಳು ಅಸ್ಮಾ(ರ). ಝುಬೈರ್ ಅವರಿಗೆ ತಲಾಖ್ ನೀಡಿದ್ದರೆಂದು ಚರಿತ್ರಕಾರರು ದಾಖಲಿಸಿದ್ದಾರೆ. ಅಂದರೆ ಹಿಂದಿನ ಪತ್ನಿಯ ಮಗನೇ ತಂದೆಯ ಸಾಲವನ್ನು ತೀರಿಸಿದ್ದು. ಆದರೆ ತೀರಿಸಿದ್ದು ತಂದೆಯ ಸೊತ್ತಿನಿಂದ. ಅಸ್ಮಾ ಅವರ ಮೇಲಾಗಲಿ, ಉಳಿದಿದ್ದ ನಾಲ್ವರು ಪತ್ನಿಯರ ಮೇಲಾಗಲಿ ಆ ಸಾಲವನ್ನು ಹೊರಿಸಿದ ಮಾತು ಆ ದೀರ್ಘ ವರದಿಯಲ್ಲಿ ಎಲ್ಲಿಯೂ ಇಲ್ಲ. ಗಂಡನ ಸೊತ್ತು ಗಂಡನದು, ಹೆಂಡತಿಯ ಸೊತ್ತು ಹೆಂಡತಿಯದು. ಸಾಲಕ್ಕೂ ಅದೇ ನಿಯಮ. ನಿಕಾಹ್ ಎಂಬುದು ಸಾಲವನ್ನು ಬೆಸೆಯುವ ಕರಾರಲ್ಲ. ಹಾಗಿದ್ದ ಮೇಲೆ ತಲಾಖ್ ಅಥವಾ ಖುಲಾ ಅದನ್ನು ಬಿಡಿಸುವ ಕರಾರೂ ಅಲ್ಲ. ಈ ಎರಡನೆಯ ಅರ್ಧವನ್ನು ನಮ್ಮವರು ಮರೆಯುತ್ತಾರೆ.

ಕರ್ಮಶಾಸ್ತ್ರ ಪಂಡಿತರು ಈ ವಿಷಯವನ್ನು ಎಷ್ಟು ಸೂಕ್ಷ್ಮವಾಗಿ ಬಿಡಿಸಿದರೆಂಬುದಕ್ಕೆ ಹನಫೀ ಮದ್‌ಹಬ್‌ನ ಪಾಲುದಾರಿಕೆಯ ಅಧ್ಯಾಯವೇ ಸಾಕ್ಷಿ. ಅಲ್ಲಿ ಮುಖ್ಯವಾಗಿ ಎರಡು ಬಗೆಯ ಪಾಲುದಾರಿಕೆಗಳಿವೆ. 'ಇನಾನ್'ನಲ್ಲಿ ಪಾಲುದಾರರು ಒಬ್ಬರಿಗೊಬ್ಬರು ವಕೀಲರು ಮಾತ್ರ. ಒಬ್ಬನು ಮಾಡಿದ ಸಾಲವನ್ನು ಇನ್ನೊಬ್ಬನಿಂದ ಕೇಳುವಂತಿಲ್ಲ. 'ಮುಫಾವದ'ದಲ್ಲಿ ಬಂಡವಾಳವೂ ಅಧಿಕಾರವೂ ಸಮ. ಪ್ರತಿಯೊಬ್ಬನೂ ಇನ್ನೊಬ್ಬನ ವಕೀಲನೂ ಹೌದು, ಜಾಮೀನುದಾರನೂ ಹೌದು. ವ್ಯಾಪಾರಕ್ಕಾಗಿ ಒಬ್ಬನು ತಂದ ಸಾಲ ಇಬ್ಬರ ಕೊರಳಿಗೂ ಬೀಳುತ್ತದೆ. ಪಾಲುದಾರಿಕೆಯನ್ನು ಮುರಿದುಕೊಂಡರೂ, ಮುರಿಯುವ ಮುಂಚಿನ ಸಾಲಕ್ಕೆ ಇಬ್ಬರೂ ಉತ್ತರ ಕೊಡಲೇಬೇಕು. ಇಮಾಮ್ ಶಾಫಿಈ ಮುಫಾವದವನ್ನು ಒಪ್ಪಲೇ ಇಲ್ಲ. ಆದ್ದರಿಂದ ಭಟ್ಕಳ, ಮಂಗಳೂರಿನ ಶಾಫಿಈ ಮದ್ರಸಗಳಲ್ಲಿ ಓದಿದವರಿಗೆ ಇದು ಅಪರಿಚಿತವಾಗಿ ಕಾಣಬಹುದು. ನಮ್ಮ ಬೀದರ್ ಭಾಗದಲ್ಲಿ ಹನಫೀ ಗ್ರಂಥಗಳದೇ ಪಾಠ.

ಕಫಾಲತ್ ಮತ್ತು ಹವಾಲ ಎಂಬ ಎರಡನ್ನು ಬೇರ್ಪಡಿಸಿ ತಿಳಿಯುವುದೂ ಅಗತ್ಯ. ಕಫಾಲತ್ ಎಂದರೆ ಒಂದು ಹೊಣೆಯ ಪಕ್ಕದಲ್ಲಿ ಮತ್ತೊಂದು ಹೊಣೆಯನ್ನು ನಿಲ್ಲಿಸುವುದು. ಸಾಲಕೊಟ್ಟವನು ಮೂಲ ಸಾಲಗಾರನನ್ನು ಕೇಳಬಹುದು, ಜಾಮೀನುದಾರನನ್ನೂ ಕೇಳಬಹುದು, ಆಯ್ಕೆ ಅವನದು. ಸಾಲಗಾರನ ಕೋರಿಕೆಯ ಮೇರೆಗೆ ಜಾಮೀನು ನಿಂತವನು ತಾನು ಕಟ್ಟಿದ್ದನ್ನು ಆಮೇಲೆ ಅವನಿಂದ ವಸೂಲು ಮಾಡಿಕೊಳ್ಳಬಹುದು. ಯಾರೂ ಕೇಳದೆ ತಾನಾಗಿಯೇ ನಿಂತವನಿಗೆ ಆ ಹಕ್ಕಿಲ್ಲ. ಹವಾಲ ಎಂದರೆ ಸಾಲವನ್ನು ಒಬ್ಬನ ಮೇಲಿನಿಂದ ಇನ್ನೊಬ್ಬನ ಮೇಲೆ ಸರಿಸುವುದು. ಇಲ್ಲಿ ಮೊದಲನೆಯವನು ಬಿಡುಗಡೆ ಹೊಂದುತ್ತಾನೆ. ಆದರೆ ಸಾಲಕೊಟ್ಟವನು ಒಪ್ಪಬೇಕು. ಒಪ್ಪಿದ ಮೇಲೂ, ಹೊಸ ಹೊಣೆಗಾರನು ಏನೂ ಬಿಡದೆ ದಿವಾಳಿಯಾಗಿ ಸತ್ತರೆ, ಅಥವಾ ಸಾಕ್ಷ್ಯವಿಲ್ಲದಾಗ ಪ್ರಮಾಣ ಮಾಡಿ ನಿರಾಕರಿಸಿದರೆ, ಸಾಲ ಮತ್ತೆ ಮೊದಲಿನವನ ಬಳಿಗೇ ಹಿಂದಿರುಗುತ್ತದೆಂದು ಇಮಾಮ್ ಅಬೂಹನೀಫ ಹೇಳಿದ್ದಾರೆ. ನಮ್ಮ ಕುಟುಂಬಗಳಲ್ಲಿ "ಇನ್ನು ಸಾಲ ಅವನೇ ಕಟ್ಟುತ್ತಾನೆ" ಎಂದು ಹಿರಿಯರು ತೀರ್ಮಾನಿಸಿದಾಗ ಅದನ್ನು ಹವಾಲವೆಂದೇ ಎಲ್ಲರೂ ಭಾವಿಸುತ್ತಾರೆ. ಸಾಲಕೊಟ್ಟವನನ್ನು ಕೇಳದಿದ್ದರೆ ಅದು ಹವಾಲವಾಗುವುದಿಲ್ಲ. ಇಬ್ಬರ ನಡುವಿನ ಒಂದು ಮಾತು ಮಾತ್ರ.

ಬೀದರಿಗೆ ಈ ವಿದ್ಯೆ ಹೊಸದಲ್ಲ. ಗೀಲಾನಿನಿಂದ ವ್ಯಾಪಾರಿಯಾಗಿ ಬಂದು ಬಹಮನಿಗಳ ಪ್ರಧಾನಿಯಾದ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದ್ರಸ ಇಂದಿಗೂ ಅರೆಗೋಡೆಗಳೊಂದಿಗೆ ನಿಂತಿದೆ. 1481ರಲ್ಲಿ ಸುಳ್ಳು ಪತ್ರವೊಂದನ್ನು ನಂಬಿ ಸುಲ್ತಾನನು ಅವರನ್ನು ಕೊಲ್ಲಿಸಿದನು. ಆಮೇಲೆ ಅವರ ಸಂಪತ್ತನ್ನು ಶೋಧಿಸಲು ಹೋದಾಗ, ರಾಜ್ಯದ ಹಣದ ಲೆಕ್ಕ ಬೇರೆ, ಬಡವರಿಗಾಗಿ ತೆಗೆದಿಟ್ಟ ಹಣದ ಲೆಕ್ಕ ಬೇರೆ ಎಂದು ಅವರ ಖಜಾಂಚಿ ತೋರಿಸಿದನೆಂದು ಫರಿಶ್ತಾ ಬರೆಯುತ್ತಾನೆ. ಕೊಲೆಯಾದ ಮನುಷ್ಯನ ಮಾನವನ್ನು ಉಳಿಸಿದ್ದು ಬೇರೆಬೇರೆಯಾಗಿ ಬರೆದಿಟ್ಟ ಆ ಲೆಕ್ಕಗಳೇ. 1657ರಲ್ಲಿ ಬೀದರ್ ಕೋಟೆಯನ್ನು ಗೆದ್ದ ರಾಜಕುಮಾರ ಔರಂಗಝೇಬ್, ಬಾದಶಹನಾದ ಬಳಿಕ ವಿದ್ವಾಂಸರ ಮಂಡಳಿಯಿಂದ ಸಂಗ್ರಹಿಸಿದ 'ಫತಾವಾ ಆಲಮ್‌ಗೀರಿ'ಯಲ್ಲಿ ಕಫಾಲತ್, ಹವಾಲ, ಪಾಲುದಾರಿಕೆಗಳಿಗೆ ಪ್ರತ್ಯೇಕ ಅಧ್ಯಾಯಗಳೇ ಇವೆ. ನಿಜಾಮರ ಕಾಲದಲ್ಲಿಯೂ ಉರ್ದು ದಸ್ತಾವೇಜುಗಳ ಭಾಷೆ ಇದೇ ಪರಂಪರೆಯದು.

ಬ್ರಿಟಿಷ್ ಭಾರತದಲ್ಲಿ 1872ರ ಕರಾರು ಕಾಯ್ದೆ ಬಂತು. ಅದರ 43ನೆಯ ಕಲಂ, ಇಬ್ಬರು ಸೇರಿ ಕೊಟ್ಟ ಮಾತಿಗೆ ಯಾರಾದರೂ ಒಬ್ಬರಿಂದಲೇ ಪೂರ್ತಿಯಾಗಿ ವಸೂಲು ಮಾಡಲು ಸಾಲಕೊಟ್ಟವನಿಗೆ ಅನುಮತಿ ನೀಡುತ್ತದೆ. ಹೆಚ್ಚು ಕಟ್ಟಿದವನು ಇನ್ನೊಬ್ಬನಿಂದ ಅವನ ಪಾಲನ್ನು ಕೇಳಬಹುದು. 128ನೆಯ ಕಲಂ ಪ್ರಕಾರ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ. ಪಾಲು ಬಿಟ್ಟುಹೋದ ವ್ಯಾಪಾರ ಪಾಲುದಾರನು ಹಿಂದಿನ ಸಾಲದಿಂದ ಮುಕ್ತನಾಗಬೇಕಾದರೆ ಸಾಲಕೊಟ್ಟವನ ಒಪ್ಪಿಗೆ ಬೇಕೆಂದು 1932ರ ಪಾಲುದಾರಿಕೆ ಕಾಯ್ದೆ ಹೇಳಿತು. ಕರಾರು ಕಾಯ್ದೆ ಹೈದರಾಬಾದ್ ಪ್ರಾಂತಕ್ಕೆ ಅನ್ವಯಿಸಿದ್ದು ವಿಲೀನದ ನಂತರ, 1951ರಲ್ಲಿ. ಮುಸ್ಲಿಮರ ವೈಯಕ್ತಿಕ ಕಾನೂನು ವಿವಾಹ, ತಲಾಖ್, ಮಹರ್, ಉತ್ತರಾಧಿಕಾರಗಳ ಮೇಲೆ ನಡೆಯುತ್ತದೆ. ಬ್ಯಾಂಕಿನ ಸಾಲದ ಪತ್ರದ ಮೇಲೆ ನಡೆಯುವುದು ಈ ಕಾಯ್ದೆಯೇ. ಆದರೂ ಹನಫೀ ಗ್ರಂಥ ಓದಿದವರಿಗೆ ಇದರಲ್ಲಿ ಅಪರಿಚಿತವೆನ್ನಿಸುವುದು ಹೆಚ್ಚೇನೂ ಇಲ್ಲ.

ಸಹಕಾರ ಚಳವಳಿಯ ಚರಿತ್ರೆ ಈ ಪ್ರಶ್ನೆಗೆ ಇನ್ನೊಂದು ಉತ್ತರ ಕೊಟ್ಟಿತು. 1905ರಲ್ಲಿ ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರ ಮುಂದಾಳುತನದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಆರಂಭವಾಯಿತು. ಅಂದಿನ ಗ್ರಾಮೀಣ ಸಂಘಗಳ ತಳಹದಿ ಅಪರಿಮಿತ ಹೊಣೆ: ಸಂಘದ ಸಾಲಕ್ಕೆ ಪ್ರತಿಯೊಬ್ಬ ಸದಸ್ಯನ ಸೊತ್ತೂ ಉತ್ತರ ಹೇಳಬೇಕು. ಹಾಗಾದರೆ ಸಂಘ ಬಿಟ್ಟುಹೋದವನು? ಆತ ಹೊರಟ ದಿನ ಇದ್ದ ಸಂಘದ ಸಾಲಕ್ಕೆ ಮುಂದಿನ ಎರಡು ವರ್ಷ ಹೊಣೆಗಾರನಾಗಿರುತ್ತಾನೆ, ಅನಂತರ ಬಿಡುಗಡೆ ಎಂದು 1912ರ ಸಹಕಾರ ಕಾಯ್ದೆ ಗೆರೆ ಎಳೆಯಿತು. ಮೃತ ಸದಸ್ಯನ ಸೊತ್ತಿಗೆ ಒಂದು ವರ್ಷ. ನಮಗೆ ಇದು ಬಹಳ ವಿವೇಕದ ನಿಯಮವಾಗಿ ಕಾಣುತ್ತದೆ. ಬಿಟ್ಟುಹೋದವನು ಓಡಿಹೋಗುವಂತಿಲ್ಲ, ಜೀವನಪೂರ್ತಿ ಹಳೆಯ ಭಾರ ಹೊತ್ತು ತಿರುಗಬೇಕಾಗಿಯೂ ಇಲ್ಲ. ಮನೆಯ ಸಾಲಗಳಿಗೆ ಇಂತಹ ಅವಧಿಯನ್ನು ಯಾವ ಬ್ಯಾಂಕೂ ಕೊಡುವುದಿಲ್ಲವೆಂಬುದು ಬೇರೆ ಮಾತು.

ಒಂದು ರಾಜ್ಯವೇ ಒಡೆದಾಗಲೂ ಇದೇ ಪ್ರಶ್ನೆ ಬರುತ್ತದೆ. 1956ರಲ್ಲಿ ಹೈದರಾಬಾದ್ ರಾಜ್ಯ ಮೂರಾಗಿ ಹಂಚಿಹೋದಾಗ ನಮ್ಮ ಬೀದರ್ ಜಿಲ್ಲೆಯೂ ಮೂರು ತುಂಡಾಯಿತು. ಬೀದರ್, ಭಾಲ್ಕಿ, ಔರಾದ್ ಮೈಸೂರಿಗೆ ಬಂದವು; ಉದಗೀರ, ನಿಲಂಗಾ, ಅಹಮದಪುರ ಮುಂಬಯಿಗೆ ಹೋದವು; ನಾರಾಯಣಖೇಡ ಮತ್ತು ಜಹೀರಾಬಾದಿನ ಬಹುಭಾಗ ಆಂಧ್ರಕ್ಕೆ ಸೇರಿದವು. ರಾಜ್ಯ ಪುನರ್ವಿಂಗಡಣಾ ಕಾಯ್ದೆಯಲ್ಲಿ ಆಸ್ತಿ ಮತ್ತು ಸಾಲಗಳ ಹಂಚಿಕೆಗೆ ಒಂದು ಪೂರ್ಣ ಭಾಗವೇ ಮೀಸಲಾಗಿತ್ತು. ಗಡಿ ಎಳೆದವರು ಸಾಲವನ್ನು ಮರೆಯಲಿಲ್ಲ.

1990ರ ದಶಕದಿಂದ ಬೀದರ್ ಜಿಲ್ಲಾ ಕೇಂದ್ರ ಸಹಕಾರ ಬ್ಯಾಂಕು, ಗುರುಪಾದಪ್ಪ ನಾಗಮಾರಪಳ್ಳಿ ಅವರ ನಾಯಕತ್ವದಲ್ಲಿ, ಮಹಿಳಾ ಸ್ವಸಹಾಯ ಗುಂಪುಗಳಿಗೆ ಸಾಲ ನೀಡುವುದರಲ್ಲಿ ದೇಶದ ಗಮನ ಸೆಳೆಯಿತು. ಅಲ್ಲಿ ಸಾಲ ಗುಂಪಿನದು. ಒಬ್ಬಳು ಕಟ್ಟದಿದ್ದರೆ ಉಳಿದವರು ಕೇಳಬೇಕು, ಅವರೇ ತುಂಬಬೇಕು. ಭಾಲ್ಕಿಯಲ್ಲಿ ಗಂಡನ ಮನೆಯಿದ್ದಾಗ ಗುಂಪು ಸೇರಿದ ಹೆಣ್ಣುಮಗಳು ತಲಾಖ್ ಆಗಿ ಔರಾದಿನ ತವರಿಗೆ ಮರಳಿದರೆ, ಅವಳ ಕಂತು ಹಳೆಯ ಗುಂಪಿನ ಹೆಣ್ಣುಮಕ್ಕಳ ತಲೆಯ ಮೇಲೆ ಉಳಿಯುತ್ತದೆ. ಆ ಹಣ ಗಂಡನ ಅಂಗಡಿಗೆ ಹೋಗಿತ್ತೆಂಬುದನ್ನು ಗುಂಪಿನ ಪುಸ್ತಕ ಹೇಳುವುದಿಲ್ಲ.

ಇಂತಹ ಹೆಣ್ಣುಮಗಳಿಗೆ ಏನು ಹಕ್ಕಿದೆ? ತನ್ನ ಹೆಸರಿನಲ್ಲಿ ತಂದ ಹಣವನ್ನು ಗಂಡನಿಗೆ ಸಾಲವಾಗಿ ಕೊಟ್ಟಿದ್ದರೆ ಅದು ಗಂಡನ ಮೇಲೆ ಅವಳ ಬಾಕಿ. ಮಹರ್‌ನೊಂದಿಗೆ ಅದನ್ನೂ ಕೇಳಲು ಅವಳಿಗೆ ಪೂರ್ಣ ಹಕ್ಕಿದೆ. ಗಂಡನ ಸಾಲಕ್ಕೆ ಅವನ ಕೋರಿಕೆಯಂತೆ ಸಹಿ ಮಾಡಿದ್ದರೆ, ಕಟ್ಟಿದ್ದನ್ನು ಅವನಿಂದ ಮರಳಿ ಪಡೆಯುವ ಹಕ್ಕು ಫಿಕ್‌ಹ್‌ನಲ್ಲಿಯೂ ಇದೆ, ದೇಶದ ಕಾನೂನಿನಲ್ಲಿಯೂ ಇದೆ. ಮನೆಯ ಜೀವನಾಂಶಕ್ಕಾಗಿ ಕಾಝಿಯ ಅಪ್ಪಣೆಯಿಂದ ಹೆಂಡತಿ ಮಾಡಿದ ಸಾಲವನ್ನು ಹನಫೀ ವಿದ್ವಾಂಸರು ಗಂಡನ ಸಾಲವೆಂದೇ ಎಣಿಸಿದರು. ಆದರೆ ಈ ಯಾವ ಹಕ್ಕೂ ಬ್ಯಾಂಕನ್ನು ತಡೆಯುವುದಿಲ್ಲ. ಬ್ಯಾಂಕು ಸಹಿ ನೋಡುತ್ತದೆ. ಆದ್ದರಿಂದ ಇಬ್ಬರ ನಡುವಿನ ತೀರ್ಮಾನ ಒಂದು ಕಾಗದವಾದರೆ, ಬ್ಯಾಂಕು ಲಿಖಿತವಾಗಿ ಒಬ್ಬರ ಹೆಸರನ್ನು ತೆಗೆದುಹಾಕುವುದು ಮತ್ತೊಂದು ಕಾಗದ. ಎರಡನೆಯದು ಕೈಗೆ ಬರುವವರೆಗೆ ಅವಳು ಸಾಲಗಾರಳೇ.

ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತ ಸಾಲವನ್ನು ಬರೆದಿಡುವ ಕುರಿತಾದದ್ದು. ಚಿಕ್ಕದಿರಲಿ ದೊಡ್ಡದಿರಲಿ ಬರೆಯಲು ಬೇಸರಿಸಬಾರದೆಂದು ಅಲ್ಲಿ ಆದೇಶವಿದೆ. ನಮ್ಮ ಕಡೆ ತಲಾಖ್ ಅಥವಾ ಖುಲಾ ಆದಾಗ ಹಿರಿಯರು ಕುಳಿತು ಕಾಗದ ಬರೆಸುವುದು ವಾಡಿಕೆ. ಮಹರ್ ಎಷ್ಟು, ಇದ್ದತ್‌ನ ಖರ್ಚು ಎಷ್ಟು, ಒಡವೆ ಯಾರಿಗೆ, ಜಹೇಝ್‌ನ ಕಪಾಟು ಪಾತ್ರೆಗಳು ಯಾವ ದಿನ ಮರಳಬೇಕು, ಎಲ್ಲವೂ ಅದರಲ್ಲಿ ಸಾಲುಸಾಲಾಗಿ ಇರುತ್ತದೆ. ನಾವು ನೋಡಿದ ಇಂತಹ ಬಹುತೇಕ ಕಾಗದಗಳಲ್ಲಿ ಸಾಲದ ಬಗ್ಗೆ ಒಂದು ಸಾಲೂ ಇರಲಿಲ್ಲ.