ಕೌಂಟ್ ಮಲಾರ್ತಿಕ್: ಒಂದು ಘೋಷಣಾಪತ್ರದ ಇತಿಹಾಸ

ಕಾನಹೊಸಹಳ್ಳಿ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆಯು 1953ರವರೆಗೂ ಮದರಾಸಿನ ಆಡಳಿತಕ್ಕೆ ಒಳಪಟ್ಟಿದ್ದುದು ತಿಳಿದ ಸಂಗತಿ. ಇದಕ್ಕೆ ಕಾರಣವಾದ ಘಟನೆಗಳ ಸರಣಿಯಲ್ಲಿ, ಹಿಂದೂ ಮಹಾಸಾಗರದ ದ್ವೀಪವೊಂದರಲ್ಲಿದ್ದ ಫ್ರೆಂಚ್ ಕುಲೀನನೊಬ್ಬನು ಹೊರಡಿಸಿದ ಒಂದು ಕಾಗದವೂ ಸೇರಿದೆ. ಟಿಪ್ಪುವಿನ ಪತನವನ್ನು ಬರೆಯುವವರು ಆ ಕಾಗದವನ್ನು ಉಲ್ಲೇಖಿಸುತ್ತಾರೆ. ಅದಕ್ಕೆ ಸಹಿ ಹಾಕಿದವನು ಎಂಥವನೆಂದು ಕೇಳುವವರು ವಿರಳ.

ಆನ್ ಜೋಸೆಫ್ ಇಪೊಲೀತ್ ದ ಮೋರೆಸ್, ಕೌಂಟ್ ದ ಮಲಾರ್ತಿಕ್ 1730ರಲ್ಲಿ ದಕ್ಷಿಣ ಫ್ರಾನ್ಸಿನ ಮೊಂತೊಬಾನ್ ಪಟ್ಟಣದಲ್ಲಿ ಹುಟ್ಟಿದನು. ಹದಿಹರೆಯದಲ್ಲಿಯೇ ಸೈನ್ಯ ಸೇರಿ, 1755ರಲ್ಲಿ ಬೆಯಾರ್ನ್ ದಳದೊಡನೆ ಕೆನಡಾಕ್ಕೆ ಹೋದನು. ಅಲ್ಲಿ ಸೇನಾಪತಿ ಮೊಂಕಾಮನ ಕೈಕೆಳಗೆ ಕಾದಿ ಗಾಯಗೊಂಡನು. 1759ರಲ್ಲಿ ಕ್ವಿಬೆಕ್ ಇಂಗ್ಲಿಷರ ವಶವಾದುದನ್ನೂ ಕಂಡನು. ಆ ದಂಡಯಾತ್ರೆಗಳ ಕುರಿತು ಅವನು ಬರೆದಿಟ್ಟ ದಿನಚರಿ 1890ರಲ್ಲಿ ಅಚ್ಚಾಯಿತು. ಇಂಗ್ಲಿಷರ ಎದುರು ಸೋಲುವುದೆಂದರೇನೆಂಬುದು ಅವನಿಗೆ ಯೌವನದಲ್ಲಿಯೇ ತಿಳಿದಿತ್ತು.

1792ರಲ್ಲಿ ಅವನು ಈಲ್ ದ ಫ್ರಾನ್ಸ್, ಎಂದರೆ ಇಂದಿನ ಮಾರಿಷಸ್ ದ್ವೀಪಕ್ಕೆ ಗವರ್ನರ್ ಜನರಲ್ ಆಗಿ ಬಂದಾಗ ಅರವತ್ತು ದಾಟಿದ್ದನು. ಅದೇ ವರ್ಷ ಫ್ರಾನ್ಸಿನಲ್ಲಿ ಅರಸೊತ್ತಿಗೆ ಉರುಳಿತು. ಅರಸನ ಅಧಿಕಾರಿಯಾಗಿ ಬಂದವನು ಗಣರಾಜ್ಯದ ಅಧಿಕಾರಿಯಾದನು. ತಾಯ್ನಾಡಿನಲ್ಲಿ ಅವನಂಥ ಕುಲೀನರ ತಲೆಗಳು ಉರುಳುತ್ತಿದ್ದಾಗ, ಸ್ಥಳೀಯ ವಸಾಹತು ಸಭೆಗೆ ತಲೆಬಾಗುತ್ತ ಇವನು ತನ್ನ ತಲೆಯನ್ನೂ ಪದವಿಯನ್ನೂ ಉಳಿಸಿಕೊಂಡನು. ಈ ತಲೆಬಾಗುವಿಕೆಗೆ ಬೆಲೆ ತೆತ್ತವರು ಬೇರೆಯವರು. ಗುಲಾಮಗಿರಿಯನ್ನು ರದ್ದುಪಡಿಸಿದ 1794ರ ಶಾಸನವನ್ನು ಜಾರಿಗೊಳಿಸಲು 1796ರಲ್ಲಿ ಪ್ಯಾರಿಸಿನಿಂದ ಬಂದ ಬಾಕೋ ಮತ್ತು ಬ್ಯುರ್ನೆಲ್ ಎಂಬ ಪ್ರತಿನಿಧಿಗಳನ್ನು ತೋಟದ ಒಡೆಯರು ಹಡಗು ಹತ್ತಿಸಿ ಹೊರಗಟ್ಟಿದರು. ಗವರ್ನರನು ಒಡೆಯರ ಪಕ್ಷದಲ್ಲಿಯೇ ನಿಂತನು. ಸ್ವಾತಂತ್ರ್ಯ, ಸಮಾನತೆಗಳ ಹೆಸರಿನಲ್ಲಿ ಪ್ರಕಟಣೆ ಹೊರಡಿಸುತ್ತಿದ್ದ ಆ ದ್ವೀಪದಲ್ಲಿ ಗುಲಾಮರು ಗುಲಾಮರಾಗಿಯೇ ಉಳಿದರು.

ಇಂಥ ಗವರ್ನರನ ಬಳಿಗೆ 1798ರ ಜನವರಿಯಲ್ಲಿ ಶ್ರೀರಂಗಪಟ್ಟಣದ ಇಬ್ಬರು ರಾಯಭಾರಿಗಳು ಬಂದರು. ಹಿಂದಿನ ವರ್ಷ ರಿಪೋ ಎಂಬ ಫ್ರೆಂಚ್ ನಾವಿಕನು ಹಾಳಾದ ಹಡಗಿನೊಡನೆ ಮಂಗಳೂರಿಗೆ ಬಂದು, ದ್ವೀಪದಲ್ಲಿ ದೊಡ್ಡ ಸೈನ್ಯ ಸಿದ್ಧವಾಗಿದೆಯೆಂದು ಸುಲ್ತಾನನನ್ನು ನಂಬಿಸಿದ್ದನು. ವರ್ತಕರ ವೇಷದಲ್ಲಿ ಗುಟ್ಟಾಗಿ ಹೋಗಿಬರಬೇಕೆಂಬುದು ರಾಯಭಾರಿಗಳಿಗಿದ್ದ ಅಪ್ಪಣೆ. ಮಲಾರ್ತಿಕನಾದರೋ ಅವರನ್ನು ರಾಜಮರ್ಯಾದೆಯೊಡನೆ ಬಹಿರಂಗವಾಗಿ ಎದುರುಗೊಂಡನು. ರಿಪೋ ಹೇಳಿದ ಸೈನ್ಯ ಅಲ್ಲಿರಲಿಲ್ಲ. ಇದ್ದ ಪಡೆಯಲ್ಲಿಯೂ ಒಂದು ಭಾಗವು ಡಚ್ಚರ ನೆರವಿಗಾಗಿ ಬಟಾವಿಯಾಕ್ಕೆ ಹೋಗಿತ್ತು.

ಜನವರಿ 30ರಂದು ಘೋಷಣಾಪತ್ರ ಹೊರಬಿದ್ದಿತು. ಅದರಲ್ಲಿ ಅವನು ಕೌಂಟ್ ಅಲ್ಲ, ಬರಿಯ ಮಲಾರ್ತಿಕ್. ಟಿಪ್ಪು ಫ್ರೆಂಚರೊಡನೆ ಮೈತ್ರಿ ಬಯಸಿದ್ದಾನೆ, ಇಂಗ್ಲಿಷರನ್ನು ಭಾರತದಿಂದ ಹೊರದೂಡಲು ಫ್ರೆಂಚರ ಆಗಮನವನ್ನೇ ಕಾಯುತ್ತಿದ್ದಾನೆ, ಬರುವ ಪಡೆಯ ಖರ್ಚನ್ನೆಲ್ಲ ತಾನೇ ಹೊರುತ್ತಾನೆ ಎಂದು ಅದು ಸಾರಿತು. ಸುಲ್ತಾನನಿಂದ ಒದಗಲಾರದ್ದು ದ್ರಾಕ್ಷಾರಸ ಮತ್ತು ಬ್ರಾಂದಿ ಮಾತ್ರವೆಂಬ ವಿವರವನ್ನೂ ಸೇರಿಸಲಾಗಿತ್ತು! ಕೊನೆಗೆ, ಇಚ್ಛೆಯುಳ್ಳವರು ಹೆಸರು ಬರೆಸಬೇಕೆಂಬ ಕರೆ.

ಇದು ಮೂರ್ಖತನವೋ, ಬೇಜವಾಬ್ದಾರಿಯೋ? ದ್ವೀಪದ ಪುಂಡ ಕ್ರಾಂತಿಕಾರಿಗಳನ್ನು ಸಾಗಹಾಕುವ ಉಪಾಯವೆಂಬ ಊಹೆಯೂ ಉಂಟು. ಆದರೆ ಅವನ ಸ್ಥಿತಿಯನ್ನು ನೋಡಿದರೆ ಸರಳವಾದ ವಿವರಣೆಯೇ ಸಾಕೆನಿಸುತ್ತದೆ. ಕಳುಹಿಸಲು ಸೈನ್ಯವಿಲ್ಲ; ಸ್ವಯಂಸೇವಕರನ್ನು ಕೂಡಿಸಬೇಕಾದರೆ ಊರಿಗೆಲ್ಲ ತಿಳಿಸಲೇಬೇಕು. ಕೊಡಲು ಏನೂ ಇಲ್ಲದವನು ಗೌರವವನ್ನಾದರೂ ಧಾರಾಳವಾಗಿ ಕೊಟ್ಟನು. ಟಿಪ್ಪುವಿಗೆ ಬೇಕಾಗಿದ್ದುದು ಗುಟ್ಟು, ಅದೊಂದೇ ಸಿಕ್ಕಲಿಲ್ಲ. ಏಪ್ರಿಲ್ ಕೊನೆಗೆ ಮಂಗಳೂರಿನಲ್ಲಿ ಇಳಿದವರು ಸುಮಾರು ನೂರು ಜನ.

ಜೂನ್ ತಿಂಗಳಲ್ಲಿ ಆ ಘೋಷಣೆ ಕಲ್ಕತ್ತೆಯ ಪತ್ರಿಕೆಯಲ್ಲಿ ಕಾಣಿಸಿಕೊಂಡಿತು. ಗವರ್ನರ್ ಜನರಲ್ ವೆಲ್ಲೆಸ್ಲಿ ಅಲ್ಲಿಗೆ ಬಂದು ತಿಂಗಳೂ ತುಂಬಿರಲಿಲ್ಲ. ಭಾರತದ ಆಸ್ಥಾನಗಳಲ್ಲಿದ್ದ ಫ್ರೆಂಚ್ ಪ್ರಭಾವವನ್ನು ಮುರಿಯುವ ಆಲೋಚನೆ ಅವನಿಗೆ ದಾರಿಯಲ್ಲಿ ಕೇಪ್‌ನಲ್ಲಿದ್ದಾಗಲೇ ಮೂಡಿತ್ತು. ಕಾರಣ ಈಗ ಅಚ್ಚಾಗಿಯೇ ಕೈಸೇರಿತು. ಜುಲೈನಲ್ಲಿ ನೆಪೋಲಿಯನ್ ಈಜಿಪ್ಟಿನಲ್ಲಿ ಇಳಿದ ಮೇಲಂತೂ ಆ ಕಾಗದಕ್ಕೆ ಇಲ್ಲದ ತೂಕ ಬಂದಿತು. ನೆಪೋಲಿಯನ್ 1799ರ ಜನವರಿಯಲ್ಲಿ ಕೈರೋದಿಂದ ಟಿಪ್ಪುವಿಗೆ ಬರೆದ ಪತ್ರವು ದಾರಿಯಲ್ಲಿಯೇ ಇಂಗ್ಲಿಷರ ಕೈಗೆ ಸಿಕ್ಕಿತು. ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಸುಲ್ತಾನನು ಹೋರಾಡುತ್ತ ಮಡಿದನು.

ಮುಂದೆ ನಡೆದುದು ಸೀಮೆಗಳ ಹಂಚಿಕೆ. ಹರಪನಹಳ್ಳಿ, ಆನೆಗೊಂದಿ, ಸೋಂದೆಗಳನ್ನು ಪೇಶ್ವೆಗೆಂದು ತೆಗೆದಿಟ್ಟರೂ ಕಂಪನಿಯ ಷರತ್ತುಗಳಿಗೆ ಅವನು ಒಪ್ಪಲಿಲ್ಲ. ಆ ಪಾಲು ನಿಜಾಮ ಮತ್ತು ಕಂಪನಿಗಳ ನಡುವೆ ಹಂಚಿಹೋಯಿತು. ನಿಜಾಮನು 1792 ಮತ್ತು 1799ರ ಯುದ್ಧಗಳಿಂದ ಪಡೆದ ನಾಡನ್ನು, ತನ್ನ ರಕ್ಷಣೆಗೆ ನಿಂತ ಕಂಪನಿ ಸೈನ್ಯದ ವೆಚ್ಚಕ್ಕಾಗಿ, ಬಿಟ್ಟುಕೊಟ್ಟನು. ಬಳ್ಳಾರಿ ಸೀಮೆಗೆ ‘ದತ್ತ ಮಂಡಲ’ವೆಂಬ ಹೆಸರು ಬಂದುದು ಹೀಗೆ. ಥಾಮಸ್ ಮನ್ರೋ ಅದರ ಕಲೆಕ್ಟರನಾಗಿ ಬಂದು ಪಾಳೆಯಗಾರರ ಬಲ ಮುರಿದು, ಹೊಲಗಳನ್ನು ಅಳೆಯಿಸಿ, ರೈತರಿಂದ ನೇರವಾಗಿ ಕಂದಾಯ ಎತ್ತತೊಡಗಿದನು.

ನಿಜಾಮನ ಒಪ್ಪಂದಕ್ಕೆ ಸಹಿ ಬಿದ್ದುದು 1800ರ ಅಕ್ಟೋಬರ್ 12ರಂದು. ಮಲಾರ್ತಿಕ್ ಅದೇ ವರ್ಷದ ಜುಲೈನಲ್ಲಿ, ಇನ್ನೂ ಗವರ್ನರನಾಗಿದ್ದಾಗಲೇ, ತೀರಿಕೊಂಡಿದ್ದನು. ಅವನ ಸಮಾಧಿ ಪೋರ್ಟ್ ಲೂಯಿಯ ಷಾಂ ದ ಮಾರ್ಸ್ ಮೈದಾನದಲ್ಲಿದೆ. ಅದರ ಸುತ್ತ ಈಗ ಕುದುರೆಪಂದ್ಯ ನಡೆಯುತ್ತದೆ.